ನಾಳೆಯ ಹೊರೆ ಇಂದೇಕೆ?

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಅಂತರ ಎಂದು ಹಿರಿಯರು ಹೇಳುವುದುಂಟು. ಚಿತೆ ಸತ್ತವನನ್ನು ಒಂದೇ ಸಲ ಸುಡುತ್ತದೆ. ಚಿಂತೆಯಾದರೋ ಬದುಕಿರುವವನನ್ನು ದಿನದಿನವೂ ಸುಡುತ್ತದೆ.

ಚಿತ್ರದುರ್ಗ ಸೀಮೆಯವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹಿರಿಯೂರಿನಲ್ಲಿ ಶೇಂಗಾ ಬಿತ್ತಿದವನು ಮುಗಿಲು ನೋಡುತ್ತಾನೆ. ಹೊಳಲ್ಕೆರೆಯಲ್ಲಿ ಅಡಿಕೆ ಬೆಳೆದವನು ಕೊಳವೆಬಾವಿಯ ಸದ್ದಿಗೆ ಕಿವಿಗೊಡುತ್ತಾನೆ. ಹೊಸದುರ್ಗದಲ್ಲಿ ತೆಂಗಿನ ತೋಟವಿರುವವನಿಗೆ ಸುಳಿ ಒಣಗೀತೆಂಬ ಭಯ. ದುರ್ಗದ ಪೇಟೆಯಲ್ಲಿ ತಿಂಗಳ ಸಂಬಳದವನಿಗೆ ಮನೆಸಾಲದ ಕಂತು, ಮಗನ ಪರೀಕ್ಷೆ, ಮಗಳ ಮದುವೆ. ಮಳೆ ಬಂದರೂ ಬಾರದಿದ್ದರೂ ರಾತ್ರಿ ಎಚ್ಚರವಾಗಿರುವ ಮನೆಗಳು ಇಲ್ಲಿ ಕಡಮೆಯಲ್ಲ.

ಮಾರಿಕಣಿವೆಯ ಪಾಠ

ಹಿರಿಯೂರಿನ ಬಳಿ ವೇದಾವತಿ ನದಿಗೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವಣ ಮಾರಿಕಣಿವೆಯಲ್ಲಿ, 1898ರಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಗಿ 1907ರಲ್ಲಿ ಮುಗಿಯಿತು. ರಾಜಮಾತೆ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತ ಆ ಜಲಾಶಯದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಅದು ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ! ನಡುವೆ ಕಳೆದ ಕಾಲ 89 ವರ್ಷ. ತಂದೆಯ ಹೆಗಲ ಮೇಲೆ ಕುಳಿತು ಮೊದಲ ಕೋಡಿಯನ್ನು ಕಂಡ ಮಗು ಎರಡನೆಯದನ್ನು ಕಾಣುವ ವೇಳೆಗೆ ತೊಂಬತ್ತು ದಾಟಿರಬೇಕು.

ತುಂಬಿದ ಮೇಲಾದರೂ ಚಿಂತೆ ನೀಗಿತೆ? ಕೆಳಗಿನ ಅಚ್ಚುಕಟ್ಟಿನವರು ಬಾಗಿನ ಅರ್ಪಿಸಿ ಹಿಗ್ಗುತ್ತಿದ್ದಾಗ, ಹೊಸದುರ್ಗದ ಕಡೆಯ ಹಿನ್ನೀರಿನ ಅಂಚಿನವರು ತಮ್ಮ ತೋಟಗಳಿಗೆ ನೀರು ನುಗ್ಗೀತೆಂದು ಕಳವಳಗೊಂಡರು. ಬರಿದಾದಾಗ ಒಂದು ಚಿಂತೆ, ತುಂಬಿದಾಗ ಇನ್ನೊಂದು. ನಾಳೆ ಭದ್ರವಾದ ಮೇಲೆ ನೆಮ್ಮದಿಯಾಗಿರುತ್ತೇನೆ ಎನ್ನುವವನಿಗೆ ನೆಮ್ಮದಿಯ ದಿನವೇ ಬಾರದು.

ಈ ಸತ್ಯವನ್ನೇ ಯೇಸುಸ್ವಾಮಿಯು ಬೆಟ್ಟದ ಮೇಲೆ ಕುಳಿತು ಗಲಿಲಾಯದ ಜನರಿಗೆ ತಿಳಿಸಿದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಕೇಳಲು ನೆರೆದವರು ಅರಮನೆಯವರಲ್ಲ; ತೆರಿಗೆಯ ಭಾರದಡಿಯಲ್ಲಿ ಬದುಕುತ್ತಿದ್ದ ಬೇಸಾಯಗಾರರು, ಬೆಸ್ತರು. ಊಟ ಬಟ್ಟೆಗಳ ಚಿಂತೆ ಅವರಿಗೆ ಬರಿಯ ಮಾತಾಗಿರಲಿಲ್ಲ. ಅಂಥವರಿಗೆ ಆತನು ಆಕಾಶದ ಹಕ್ಕಿಗಳನ್ನೂ ಅಡವಿಯ ಹೂಗಳನ್ನೂ ತೋರಿಸಿದನು. ಚಿಂತೆಯಿಂದ ಆಯುಷ್ಯವೇನೂ ಬೆಳೆಯದೆಂದನು. ನಾಳೆಯ ಕಷ್ಟವನ್ನು ನಾಳೆಗೇ ಬಿಡಬೇಕೆಂದೂ, ಇಂದಿನ ಪಾಡು ಇಂದಿಗೆ ಸಾಕೆಂದೂ ಬೋಧಿಸಿದನು. ಕಷ್ಟವೇ ಇಲ್ಲವೆಂದು ಆತನು ಹೇಳಲಿಲ್ಲ. ಎರಡು ದಿನಗಳ ಹೊರೆಯನ್ನು ಒಂದೇ ದಿನ ಹೊರಬೇಡಿ ಎಂದನು, ಅಷ್ಟೆ.

ಚಿಂತೆ ಬೇರೆ, ಮುಂದಾಲೋಚನೆ ಬೇರೆ

ಹಾಗಾದರೆ ಕೈಕಟ್ಟಿ ಕುಳಿತಿರಬೇಕೆ ಎಂದು ಕೇಳುವವರುಂಟು. ಹಕ್ಕಿಗೆ ಕಣಜವಿಲ್ಲ ನಿಜ; ಆದರೆ ಬೆಳಗಾಗುತ್ತಲೇ ಅದು ಗೂಡು ಬಿಟ್ಟು ಹಾರುತ್ತದೆ. ಬೈಬಲಿನ ಯೋಸೇಫನು ಸುಭಿಕ್ಷದ ಏಳು ವರ್ಷಗಳಲ್ಲಿ ಧಾನ್ಯ ಕೂಡಿಟ್ಟು, ಬರದ ಏಳು ವರ್ಷಗಳಲ್ಲಿ ಐಗುಪ್ತ ದೇಶವನ್ನು ಉಳಿಸಿದನು.

ಚಿತ್ರದುರ್ಗದ ಕೋಟೆಯನ್ನು ಹತ್ತಿದವರಿಗೆ ಇದರ ಕಣ್ಣೆದುರಿನ ಸಾಕ್ಷಿ ದೊರೆಯುತ್ತದೆ. ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳನ್ನು ನೋಡಬಹುದು. ಬಂಡೆಗಳ ಮೇಲೆ ಬಿದ್ದ ಮಳೆನೀರು ಮೇಲಿನ ಹೊಂಡವನ್ನು ತುಂಬಿ, ಹೆಚ್ಚಾದದ್ದು ಕೆಳಗಿನದಕ್ಕೆ ಇಳಿಯುವಂತೆ ಪಾಳೆಯಗಾರರ ಕಾಲದವರು ಏರ್ಪಾಡು ಮಾಡಿದ್ದರು. ಮಳೆ ಬರುವುದೋ ಇಲ್ಲವೋ ಎಂದು ಹಲುಬುವುದು ಚಿಂತೆ. ಬಂದ ಮಳೆಗೆ ಹೊಂಡ ತೋಡುವುದು ಮುಂದಾಲೋಚನೆ. ಮುಂದಾಲೋಚನೆ ಕೈಗೆ ಕೆಲಸ ಕೊಡುತ್ತದೆ; ಚಿಂತೆ ಕೈಯನ್ನು ಕಟ್ಟಿಹಾಕುತ್ತದೆ. ತನ್ನನ್ನು ಕಾಡುವುದು ಇವೆರಡರಲ್ಲಿ ಯಾವುದೆಂದು ಅರಿಯಲು ಒಂದೇ ಪ್ರಶ್ನೆ ಸಾಕು: ಈ ವಿಷಯದಲ್ಲಿ ಇಂದು ಮಾಡಬಹುದಾದ ಕೆಲಸವೇನಾದರೂ ಇದೆಯೆ? ಇದ್ದರೆ ಮಾಡಬೇಕು, ಇಲ್ಲದಿದ್ದರೆ ಅದನ್ನು ದೇವರ ಕೈಗೆ ಒಪ್ಪಿಸಬೇಕು.

ಬರಗಾಲದ ಇಬ್ಬರು

ಬಯಲುಸೀಮೆಯವರ ಮನಸ್ಸಿಗೆ ತೀರ ಹತ್ತಿರವಾಗುವ ಬೈಬಲಿನ ಕಥೆ ಎಲೀಯನದು. ಮಳೆಯಿಲ್ಲದೆ ಹಳ್ಳ ಬತ್ತಿದಾಗ ಆ ಪ್ರವಾದಿ ಪರಊರಿನ ಒಬ್ಬ ವಿಧವೆಯ ಬಳಿಗೆ ಬಂದನು. ಆಕೆಯ ಮಡಕೆಯಲ್ಲಿ ಇದ್ದುದು ಒಂದು ಹಿಡಿ ಹಿಟ್ಟು. ಕುಡಿಕೆಯಲ್ಲಿ ಸ್ವಲ್ಪ ಎಣ್ಣೆ. ಮಗನೂ ತಾನೂ ಕಡೆಯ ಸಲ ಉಂಡು ಸಾಯುವುದೆಂದು ಆಕೆ ಸೌದೆ ಆಯುತ್ತಿದ್ದಳು. ಅದರಲ್ಲಿಯೇ ಪರದೇಶಿಗೂ ರೊಟ್ಟಿ ಸುಟ್ಟುಕೊಟ್ಟಳು. ಆ ಮೇಲೆ ಮಡಕೆ ತುಂಬಿ ತುಳುಕಿತೆಂದು ಕಥೆ ಹೇಳುವುದಿಲ್ಲ. ಮಳೆ ಬರುವ ತನಕ ಹಿಟ್ಟು ತೀರಲಿಲ್ಲವೆಂದಷ್ಟೇ ಹೇಳುತ್ತದೆ. ಆಕೆಗೆ ದೊರೆತದ್ದು ಅಂದಂದಿನ ಅನ್ನ, ವರ್ಷದ ಕಣಜವಲ್ಲ.

ಅದೇ ಎಲೀಯನು ಮುಂದೊಂದು ದಿನ ರಾಣಿಯ ಬೆದರಿಕೆಗೆ ಅಂಜಿ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕುಳಿತು ಸಾವನ್ನೇ ಬೇಡಿದನು. ಆಗ ದೇವರು ಅವನಿಗೆ ಉಪದೇಶ ಮಾಡಲಿಲ್ಲ, ಗದರಿಸಲೂ ಇಲ್ಲ. ದೂತನೊಬ್ಬನು ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಕೊಟ್ಟನು. ಎಲೀಯನು ಉಂಡು ಮಲಗಿದನು. ಎದ್ದು ಮತ್ತೆ ಉಂಡನು. ಮಾತುಕತೆ ಬಂದದ್ದು ಆಮೇಲೆ. ದಣಿದ ದೇಹದಲ್ಲಿ ಭಯ ಇಮ್ಮಡಿಯಾಗಿ ಕಾಣುತ್ತದೆಂಬ ತಿಳಿವಳಿಕೆ ಎಷ್ಟು ಹಳೆಯದು!

ಚಿಂತೆಪಡುವವನಿಗೆ ನಂಬಿಕೆಯಿಲ್ಲವೆಂದು ಹಳಿಯುವುದು ಕ್ರೈಸ್ತ ಧರ್ಮವಲ್ಲ. ಗೆತ್ಸೆಮನೆಯ ತೋಟದಲ್ಲಿ ಯೇಸುವೇ ತಲ್ಲಣಗೊಂಡು, ಜೊತೆಗೆ ಎಚ್ಚರವಾಗಿರಲು ಗೆಳೆಯರನ್ನು ಬೇಡಿಕೊಂಡನು.

ಮನೆಯಲ್ಲಿ ಮಾಡಬಹುದಾದುದು

ಪೌಲನು ಫಿಲಿಪ್ಪಿಯವರಿಗೆ ಪತ್ರ ಬರೆದದ್ದು ಸೆರೆಯಲ್ಲಿದ್ದಾಗ. ಮನಸ್ಸಿನಲ್ಲಿರುವುದನ್ನೆಲ್ಲ ಕೃತಜ್ಞತೆಯೊಡನೆ ದೇವರಿಗೆ ಅರಿಕೆಮಾಡಿಕೊಳ್ಳಬೇಕೆಂದೂ, ಬುದ್ಧಿಗೆ ನಿಲುಕದ ಶಾಂತಿ ಹೃದಯವನ್ನು ಕಾಯುವುದೆಂದೂ ಅವನ ಸಲಹೆ. ಇಲ್ಲಿ ಎರಡು ಉಪಾಯಗಳಿವೆ. ಒಂದು, ಭಯಕ್ಕೆ ಹೆಸರಿಟ್ಟು ಹೇಳಿಬಿಡುವುದು. ಹೆಸರಿಲ್ಲದ ಭಯ ಕತ್ತಲೆಯಲ್ಲಿ ಕಂಡ ಹಗ್ಗದಂತೆ ಹಾವಾಗುತ್ತದೆ. ಎರಡು, ಇಲ್ಲದ್ದನ್ನು ಎಣಿಸುವ ಮನಸ್ಸನ್ನು ಇದ್ದುದರ ಕಡೆಗೆ ತಿರುಗಿಸುವುದು.

ಮೂರನೆಯದೂ ಒಂದುಂಟು: ಒಬ್ಬರ ಹೊರೆಯನ್ನು ಮತ್ತೊಬ್ಬರು ಹೊರುವುದು. ಸಾಲದ ಲೆಕ್ಕವನ್ನು ಹೆಂಡತಿಯಿಂದ ಮುಚ್ಚಿಟ್ಟ ಗಂಡ, ಅಂಕಪಟ್ಟಿಯನ್ನು ತಂದೆಯಿಂದ ಬಚ್ಚಿಟ್ಟ ಮಗ, ಇಬ್ಬರೂ ಒಂದೇ ಮನೆಯಲ್ಲಿ ಒಬ್ಬೊಂಟಿಗರು. ಸಾಲಕ್ಕೆ ಅಂಜಿ ಜೀವವನ್ನೇ ತೊರೆದ ರೈತರ ಸುದ್ದಿಯನ್ನು ಈ ನಾಡು ಬಹಳ ಸಲ ಕೇಳಿದೆ. ಹೊತ್ತಿಗೆ ಮುಂಚೆ ಬಾಯಿ ಬಿಟ್ಟು ಆಡಿದ ಒಂದು ಮಾತು ಒಂದು ಮನೆಯ ದೀಪವನ್ನು ಉಳಿಸೀತು.

ನಿದ್ರೆ, ಊಟ, ಕೆಲಸಗಳು ವಾರಗಟ್ಟಲೆ ಕೆಟ್ಟರೆ ಅದು ಕಾಯಿಲೆಯಾಗಿರಬಹುದು. ಅದಕ್ಕೆ ಚಿಕಿತ್ಸೆಯೂ ಉಂಟು. ವೈದ್ಯರಲ್ಲಿಗೆ ಹೋಗುವುದು ನಂಬಿಕೆಯ ಕೊರತೆಯಲ್ಲ. ಸುವಾರ್ತೆ ಬರೆದ ಲೂಕನೇ ವೈದ್ಯನೆಂದು ಹೆಸರಾದವನು. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯಲ್ಲಿ, 14416ಕ್ಕೆ ದೂರವಾಣಿ ಮಾಡಿ ಉಚಿತವಾಗಿ ಸಲಹೆ ಪಡೆಯಬಹುದು.

ಈ ಜಿಲ್ಲೆಯಲ್ಲಿ ಕ್ರೈಸ್ತರು ಕೆಲವರೇ. ಆದರೆ ಮುಗಿಲು ಎಲ್ಲರಿಗೂ ಒಂದೇ. ಮಾರಿಕಣಿವೆಯ ಕಟ್ಟೆ ಕೋಡಿಗಾಗಿ 89 ವರ್ಷ ಕಾದರೂ, ಬಂದಷ್ಟು ನೀರನ್ನು ಹಿಡಿದಿಟ್ಟು, ಇದ್ದಾಗ ಕೆಳಗಿನ ಹೊಲಗಳಿಗೆ ಹರಿಸುತ್ತಿತ್ತು. ತುಂಬುವ ದಿನವನ್ನು ದೇವರಿಗೆ ಬಿಟ್ಟು, ಇಂದು ಇರುವ ನೀರನ್ನು ಇಂದಿನ ಹೊಲಕ್ಕೆ ಹಾಯಿಸುವವನು ರಾತ್ರಿ ನಿದ್ರೆ ಮಾಡಬಲ್ಲನು.