230 ಕೈಗಳ ಕಾದಂಬರಿ

2013ರಲ್ಲಿ ರೋಮ್‌ನ ‘ಮಿನಿಮಮ್ ಫ್ಯಾಕ್ಸ್’ ಪ್ರಕಾಶನ ಮುನ್ನೂರು ಪುಟ ದಾಟಿದ ಒಂದು ಕಾದಂಬರಿಯನ್ನು ಹೊರತಂದಿತು. ಹೆಸರು ‘ಇನ್ ತೆರ್ರಿತೋರಿಯೊ ನೆಮಿಕೊ’, ಅಂದರೆ ‘ಶತ್ರುವಿನ ನೆಲದಲ್ಲಿ’. ಎರಡನೇ ಮಹಾಯುದ್ಧ, ಜರ್ಮನ್ ಸೇನೆಯ ಹಿಡಿತಕ್ಕೆ ಸಿಕ್ಕ ಇಟಲಿ, ಅದರ ವಿರುದ್ಧ ಬಂದೂಕು ಹಿಡಿದ ಸಾಮಾನ್ಯ ಜನ. ಈ ವಸ್ತು ಇಟಲಿಯ ಓದುಗರಿಗೆ ಹೊಸದಲ್ಲ. ಹೊಸದಾಗಿದ್ದದ್ದು ಲೇಖಕರ ಸಂಖ್ಯೆ: 115 ಮಂದಿ. ಪತ್ರಿಕೆಗಳು ಇದನ್ನು ‘230 ಕೈಗಳ ಕಾದಂಬರಿ’ ಎಂದು ಕರೆದವು. ಕರೆ ಕೇಳಿ ತಾವಾಗಿಯೇ ಬಂದು ಸೇರಿಕೊಂಡಿದ್ದ ಬರಹಗಾರರು ಇವರು. ಯಾವ ಅಧ್ಯಾಯ ಯಾರದ್ದು ಎಂದು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಯಾವ ಅಧ್ಯಾಯವೂ ಯಾರೊಬ್ಬರದ್ದೂ ಅಲ್ಲ.

ಕೂಡಿ ಬರೆಯುವ ಆಸೆ ಹಳೆಯದೇ. ಇಟಲಿಯಲ್ಲೇ 1929ರಲ್ಲಿ ‘ಹತ್ತು ಮಂದಿಯ ಗುಂಪು’ ಎಂದು ಕರೆದುಕೊಂಡ ಲೇಖಕರು ಸೇರಿ ‘ಲೋ ಝಾರ್ ನೋನ್ ಎ ಮೋರ್ತೊ’ (ಝಾರ್ ಸತ್ತಿಲ್ಲ) ಎಂಬ ಸಾಹಸ ಕಾದಂಬರಿ ಬರೆದಿದ್ದರು. ಭವಿಷ್ಯವಾದಿ ಚಳವಳಿಯ ಮರಿನೆತ್ತಿ ಆ ಹತ್ತರಲ್ಲಿ ಒಬ್ಬ, ಮಾಸ್ಸಿಮೊ ಬೊಂತೆಂಪೆಲ್ಲಿ ಇನ್ನೊಬ್ಬ. ಎರಡು ವರ್ಷ ಕಳೆಯುವಷ್ಟರಲ್ಲಿ, 1931ರಲ್ಲಿ, ಇಂಗ್ಲೆಂಡಿನ ಪತ್ತೇದಾರಿ ಲೇಖಕರ ಕೂಟ ‘ಡಿಟೆಕ್ಷನ್ ಕ್ಲಬ್’ನಿಂದ ‘ದಿ ಫ್ಲೋಟಿಂಗ್ ಅಡ್ಮಿರಲ್’ ಬಂತು. ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್, ಚೆಸ್ಟರ್‌ಟನ್, ಆಂಟನಿ ಬರ್ಕ್ಲಿ ಮೊದಲಾದ ಘಟಾನುಘಟಿಗಳೆಲ್ಲ ಅದರಲ್ಲಿದ್ದರು. ಒಬ್ಬರು ಒಂದು ಅಧ್ಯಾಯ ಬರೆದು ಮುಂದಿನವರ ಬೆನ್ನಿಗೆ ಖೋ ಕೊಟ್ಟು ಕೂರಬೇಕು. ಜೊತೆಗೆ ಒಂದು ಕಟ್ಟುನಿಟ್ಟಿನ ಷರತ್ತು: ಕೊಲೆಯ ಗುಟ್ಟು ತನ್ನ ಪ್ರಕಾರ ಏನು ಎಂಬುದನ್ನು ಇಟ್ಟುಕೊಂಡೇ ಬರೆಯಬೇಕು, ಆ ಪರಿಹಾರವನ್ನೂ ಒಪ್ಪಿಸಬೇಕು. ಅವೆಲ್ಲ ಪುಸ್ತಕದ ಕೊನೆಯಲ್ಲಿ ಅಚ್ಚಾದವು.

ಆ ಪುಸ್ತಕ ಓದಿದರೆ ಸರಪಳಿ ಪದ್ಧತಿಯ ಮಿತಿ ಚೆನ್ನಾಗಿ ಕಾಣುತ್ತದೆ. ಬರೆಯುವ ಪ್ರತಿಯೊಬ್ಬರೂ ಹೊಸ ಸುಳಿವು ಹಾಕುತ್ತಾರೆ, ಹಳೆಯದಕ್ಕೆ ಬೇರೆಯೇ ಅರ್ಥ ಕೊಡುತ್ತಾರೆ. ನಡುವೆ ತನ್ನ ಸರದಿ ಬಂದಾಗ ರೊನಾಲ್ಡ್ ನಾಕ್ಸ್, ಅಷ್ಟು ಹೊತ್ತಿಗೆ ಉಳಿದಿದ್ದ ಅನುಮಾನಗಳನ್ನು ಪಟ್ಟಿ ಮಾಡಬೇಕಾಯಿತು. ಅವು 39 ಇದ್ದವು. ಎಲ್ಲವನ್ನೂ ಬಿಡಿಸುವ ಹೊಣೆ ಕೊನೆಯ ಅಧ್ಯಾಯದ ಬರ್ಕ್ಲಿಯ ತಲೆಗೆ ಬಂತು. ರಾಡಿ ತೊಳೆಯುವ ಕೆಲಸ ಎಂಬರ್ಥದ ಶೀರ್ಷಿಕೆಯನ್ನೇ ಆತ ಆ ಅಧ್ಯಾಯಕ್ಕೆ ಇಟ್ಟ. ಪ್ರತಿಭೆಗೆ ಅಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಇಡೀ ಕಥೆಯನ್ನು ಮೊದಲಿಂದ ಕೊನೆಯವರೆಗೆ ಒಟ್ಟಿಗೆ ನೋಡುವ ಕಣ್ಣಿಗೆ.

ಗುಂಪು ಬರವಣಿಗೆಗೆ ಇಟಲಿಯಲ್ಲಿ ಮತ್ತೆ ಜೀವ ಬಂದದ್ದು 1999ರಲ್ಲಿ. ಬೊಲೊನ್ಯಾದ ನಾಲ್ವರು ಯುವಕರು ‘ಲೂಥರ್ ಬ್ಲಿಸೆಟ್’ ಎಂಬ ಹೆಸರಿನಲ್ಲಿ ‘ಕ್ಯು’ ಎಂಬ ಭಾರೀ ಐತಿಹಾಸಿಕ ಕಾದಂಬರಿ ಪ್ರಕಟಿಸಿದರು. ಹೆಸರು ಎ.ಸಿ. ಮಿಲಾನ್ ತಂಡಕ್ಕೂ ಆಡಿದ್ದ ಫುಟ್‌ಬಾಲ್ ಆಟಗಾರನೊಬ್ಬನದು. ಕಥೆ 16ನೇ ಶತಮಾನದ ಯುರೋಪಿನ ರೈತ ದಂಗೆ, ಮತಸಂಘರ್ಷಗಳದು. ಮರುವರ್ಷ ‘ವು ಮಿಂಗ್’ ಎಂದು ಹೆಸರು ಬದಲಿಸಿಕೊಂಡ ಈ ತಂಡ, ಲೇಖಕ ಎಂದರೆ ಒಂಟಿ ಮನುಷ್ಯ ಎಂಬ ನಂಬಿಕೆಯನ್ನು ಇಟಲಿಯ ಒಂದು ತಲೆಮಾರಿನ ಮನಸ್ಸಿನಿಂದ ಅಳಿಸಿಹಾಕಿತು. ಆದರೆ ನಾಲ್ವರು ಗೆಳೆಯರು ಒಂದೇ ಮೇಜಿನ ಸುತ್ತ ಕೂರಬಹುದು. ನೂರು ಜನ ಅಪರಿಚಿತರು ಎಲ್ಲಿ ಕೂರುವುದು?

ಆ ಪ್ರಶ್ನೆಗೆ 2007ರಲ್ಲಿ ಎರಡು ಕಡೆ ಎರಡು ಉತ್ತರ ಹುಟ್ಟಿದವು. ಒಂದು ಬ್ರಿಟನ್ನಿನದು. ಪೆಂಗ್ವಿನ್ ಪ್ರಕಾಶನ ಮತ್ತು ಲೆಸ್ಟರ್‌ನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯ ಸೇರಿ ‘ಎ ಮಿಲಿಯನ್ ಪೆಂಗ್ವಿನ್ಸ್’ ಎಂಬ ಪ್ರಯೋಗ ನಡೆಸಿದವು. ವಿಕಿ ಪುಟದಲ್ಲಿ ಯಾರು ಬೇಕಾದರೂ ಕಾದಂಬರಿ ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು, ಅಳಿಸಲೂಬಹುದು. ಫೆಬ್ರುವರಿ 1ರಿಂದ ಸುಮಾರು ಐದು ವಾರ ಅದು ತೆರೆದಿತ್ತು. ಹತ್ತಿರ ಹತ್ತಿರ 1,500 ಜನ ನೋಂದಾಯಿಸಿಕೊಂಡರು, 11,000ಕ್ಕೂ ಹೆಚ್ಚು ಸಲ ಪಠ್ಯ ಬದಲಾಯಿತು. ಒಬ್ಬಾತ ಸಿಕ್ಕಸಿಕ್ಕ ಕಡೆಯೆಲ್ಲ ಬಾಳೆಹಣ್ಣು ತುರುಕುತ್ತ ಹೋದ, ಕೊನೆಗೆ ಬಾಳೆಹಣ್ಣಿನದೇ ಒಂದು ಪ್ರತ್ಯೇಕ ಆವೃತ್ತಿ ಎದ್ದು ನಿಂತಿತು. ಮರುವರ್ಷ ವಿಶ್ವವಿದ್ಯಾಲಯದ ಬ್ರೂಸ್ ಮೇಸನ್ ಮತ್ತು ಸೂ ಥಾಮಸ್ ಇಡೀ ಪ್ರಯೋಗದ ವರದಿ ಬರೆದರು. ಅವರಿಗೆ ಅಲ್ಲಿ ಕಂಡದ್ದು ಕಾದಂಬರಿಗಿಂತ ಹೆಚ್ಚಾಗಿ ಒಂದು ಜಾತ್ರೆ. ಜನ ಬಂದರು, ಕುಣಿದರು, ಕೆಲವರು ಕೆಡಿಸಿದರು, ಕೆಲವರು ತಾಳ್ಮೆಯಿಂದ ಕಳೆ ಕಿತ್ತರು.

ಎರಡನೆಯ ಉತ್ತರ ಅದೇ ವರ್ಷ ಫ್ಲಾರೆನ್ಸ್‌ನಲ್ಲಿ ಹುಟ್ಟಿತು. ವಾನ್ನಿ ಸಂತೋನಿ ಮತ್ತು ಗ್ರೆಗೋರಿಯೊ ಮಜೀನಿ ಎಂಬ, ಆಗಿನ್ನೂ ಮೂವತ್ತು ತುಂಬದ ಇಬ್ಬರು ಬರಹಗಾರರು ‘ಕೈಗಾರಿಕಾ ಸಾಮೂಹಿಕ ಬರವಣಿಗೆ’ ಎಂಬ ಅರ್ಥದ ‘ಸ್ಕ್ರಿತ್ತೂರಾ ಇಂದುಸ್ತ್ರಿಯಾಲೆ ಕೊಲ್ಲೆತ್ತೀವಾ’ ಕಟ್ಟಿದರು. ಚಿಕ್ಕದಾಗಿ ‘ಸಿಕ್’. ಸಾಹಿತ್ಯಕ್ಕೂ ಕೈಗಾರಿಕೆಗೂ ಏನು ನಂಟು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಆ ಪದವನ್ನು ಅವರು ಬೇಕೆಂದೇ ಆರಿಸಿಕೊಂಡಿದ್ದರು. ಸಿನಿಮಾ ನೂರಾರು ಜನ ಸೇರಿ ಮಾಡುವ ಕಲೆ, ಅಲ್ಲಿ ಕೆಲಸ ಹಂಚಿಕೆಯಾಗುತ್ತದೆ. ಕಾದಂಬರಿಗೆ ಅದೇಕೆ ಆಗಬಾರದು?

ಪದ್ಧತಿಯ ಜೀವಾಳ ‘ಸ್ಕೇಡಾ’, ಅಂದರೆ ಒಂದು ಕಾರ್ಡು. ಪಾತ್ರಕ್ಕೊಂದು ಕಾರ್ಡು, ಊರಿಗೊಂದು, ಮನೆಗೊಂದು. ಕಥೆಯ ನಡೆ ಖಚಿತವಾದ ಮೇಲೆ ದೃಶ್ಯಕ್ಕೊಂದು. ಒಂದೇ ಕಾರ್ಡನ್ನು ಹಲವರು ತುಂಬುತ್ತಾರೆ, ಆದರೆ ಬೇರೆಬೇರೆ ಕೂತು. ಪಕ್ಕದವರು ಏನು ಬರೆದರೆಂದು ಯಾರಿಗೂ ಗೊತ್ತಿರುವುದಿಲ್ಲ. ತುಂಬಿದ ಕಾರ್ಡುಗಳೆಲ್ಲ ಸಂಯೋಜಕನ ಕೈ ಸೇರುತ್ತವೆ. ಅವನು ಒಂದೊಂದರಿಂದ ಒಳ್ಳೆಯದನ್ನು ಆಯ್ದು, ಹೊಂದಿಸಿ, ಒಂದು ಅಂತಿಮ ಕಾರ್ಡು ಕಟ್ಟುತ್ತಾನೆ. ಅದು ಎಲ್ಲರಿಗೂ ಹೋಗುತ್ತದೆ, ಮುಂದಿನ ಹಂತ ಅದರ ಮೇಲೆ ಏಳುತ್ತದೆ.

ಉದಾಹರಣೆಗೆ ಗಿರಣಿಯಲ್ಲಿ ದುಡಿಯುವ ಹೆಣ್ಣೊಬ್ಬಳ ಕಾರ್ಡನ್ನು ಐವರಿಗೆ ಕೊಟ್ಟರು ಎಂದುಕೊಳ್ಳೋಣ. ಒಬ್ಬರು ಅವಳ ಕೋಪವನ್ನು ಚೆನ್ನಾಗಿ ಹಿಡಿದಿರುತ್ತಾರೆ. ಇನ್ನೊಬ್ಬರಿಗೆ ಅವಳ ಬಾಲ್ಯ ಹೊಳೆದಿರುತ್ತದೆ. ಮತ್ತೊಬ್ಬರು ಬರೆದದ್ದೆಲ್ಲ ಸಪ್ಪೆ, ಆದರೆ ಯಂತ್ರದ ಮುಂದೆ ಅವಳು ನಿಲ್ಲುವ ಬಗೆಯ ಬಗ್ಗೆ ಒಂದು ಸಾಲು ಮಾತ್ರ ಬೇರೆ ಯಾರಿಗೂ ಸಾಧ್ಯವಾಗದ್ದು. ಸಂಯೋಜಕ ಆ ಒಂದು ಸಾಲನ್ನು ಉಳಿಸಿಕೊಳ್ಳುತ್ತಾನೆ. ದೃಶ್ಯಗಳ ಬರವಣಿಗೆಯೂ ಹೀಗೆಯೇ ನಡೆಯುತ್ತದೆ, ಒಂದು ಪುಟದಲ್ಲಿ ನಾಲ್ಕಾರು ಜನರ ವಾಕ್ಯಗಳು ಒಂದರ ಪಕ್ಕ ಒಂದು ಬಂದು ಕೂರುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಸಂಯೋಜಕ ತಾನು ಬರೆಯುವಂತಿಲ್ಲ. ಆರಿಸಬಹುದು, ಕತ್ತರಿಸಬಹುದು, ಬೆಸೆಯಬಹುದು, ಅಷ್ಟೇ. ಅಧಿಕಾರ ಇದ್ದವನ ಕೈಯಲ್ಲಿ ಲೇಖನಿ ಇಲ್ಲ, ಲೇಖನಿ ಇದ್ದವರ ಕೈಯಲ್ಲಿ ಅಧಿಕಾರ ಇಲ್ಲ. ಹತ್ತಾರು ಜನ ಸ್ವಂತ ಖುಷಿಗೆ ಬಂದು ಸೇರಿದ ಕಡೆ ಜಗಳ ಏಳುವುದು ಸಾಮಾನ್ಯವಾಗಿ ‘ನನ್ನ ಅಧ್ಯಾಯವನ್ನು ನೀನೇಕೆ ಮುಟ್ಟಿದೆ’ ಎಂಬಲ್ಲಿ. ಇಲ್ಲಿ ‘ನನ್ನ ಅಧ್ಯಾಯ’ ಎಂಬುದೇ ಇಲ್ಲ. ಪೆಂಗ್ವಿನ್ ಪ್ರಯೋಗ ಎಲ್ಲರಿಗೂ ಎಲ್ಲ ಸ್ವಾತಂತ್ರ್ಯ ಕೊಟ್ಟು ಚದುರಿಹೋಯಿತು. ಫ್ಲಾರೆನ್ಸ್‌ನ ಇಬ್ಬರು ಪ್ರತಿಯೊಬ್ಬರಿಂದಲೂ ಏನನ್ನೋ ಬಿಟ್ಟುಕೊಡಿಸಿದರು. ಕಾದಂಬರಿ ಕೈಗೂಡಿದ್ದು ಆ ಬಿಟ್ಟುಕೊಟ್ಟದ್ದರಿಂದಲೇ.

ಮೊದಲು ಚಿಕ್ಕ ಗುಂಪುಗಳೊಂದಿಗೆ ಸಣ್ಣ ಕಥೆಗಳಲ್ಲಿ ಪದ್ಧತಿಯನ್ನು ಪಳಗಿಸಿಕೊಂಡರು. 2009ರಲ್ಲಿ ದೊಡ್ಡದಕ್ಕೆ ಕೈಹಾಕಿದರು. ವಸ್ತು, 1943ರಿಂದ 1945ರವರೆಗಿನ ಇಟಲಿಯ ಪ್ರತಿರೋಧ ಹೋರಾಟ.

ಆ ಕಾಲವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. 1943ರ ಸೆಪ್ಟೆಂಬರ್ 8ರ ಸಂಜೆ, ಮಿತ್ರರಾಷ್ಟ್ರಗಳೊಂದಿಗೆ ಕದನವಿರಾಮ ಆಗಿದೆ ಎಂದು ಪ್ರಧಾನಿ ಬದೋಲ್ಯೊ ರೇಡಿಯೊದಲ್ಲಿ ಘೋಷಿಸಿದ. ಬೆಳಗಾಗುವಷ್ಟರಲ್ಲಿ ರಾಜ ರೋಮ್ ಬಿಟ್ಟು ದಕ್ಷಿಣದ ಬ್ರಿಂದಿಸಿಯ ದಾರಿ ಹಿಡಿದಿದ್ದ. ಸೇನೆಗೆ ಸ್ಪಷ್ಟ ಆದೇಶವಿಲ್ಲ. ನಿನ್ನೆಯ ಮಿತ್ರ ಜರ್ಮನಿ ಇಂದು ಶತ್ರು, ಅದರ ಸೇನೆ ಆಗಲೇ ದೇಶದೊಳಗಿದೆ. ಆರು ಲಕ್ಷಕ್ಕೂ ಹೆಚ್ಚು ಇಟಾಲಿಯನ್ ಸೈನಿಕರನ್ನು ಜರ್ಮನ್ನರು ಸೆರೆಹಿಡಿದು ಶಿಬಿರಗಳಿಗೆ ಸಾಗಿಸಿದರು. ಉಳಿದವರು ಸಮವಸ್ತ್ರ ಕಿತ್ತೆಸೆದು, ಸಿಕ್ಕ ಬಟ್ಟೆ ತೊಟ್ಟು, ನಡೆದುಕೊಂಡೇ ಊರಿನತ್ತ ಹೊರಟರು. ಕೆಲವರು ಬೆಟ್ಟ ಹತ್ತಿದರು, ಕೆಲವರು ಮುಸ್ಸೋಲಿನಿಯ ಹೊಸ ಗಣರಾಜ್ಯಕ್ಕೆ ಸೇರಿದರು, ಅಡಗಿ ಕೂತವರೂ ಇದ್ದರು. 1944ರ ಮಾರ್ಚ್‌ನಲ್ಲಿ ಮಿಲಾನ್, ತುರಿನ್‌ಗಳ ಕಾರ್ಖಾನೆಗಳು ಮುಷ್ಕರ ಹೂಡಿದವು. ಬಿಡುಗಡೆಯ ದಿನವೆಂದು ಇಂದಿಗೂ ಆಚರಿಸುವುದು 1945ರ ಏಪ್ರಿಲ್ 25ನ್ನು.

ಹೀಗೆ ಮನೆಮನೆಗೂ ಒಂದೊಂದು ಕಥೆ ಉಳಿಯಿತು. ತನ್ನ ಮೊದಲ ಕಾದಂಬರಿಯನ್ನು 1947ರಲ್ಲಿ ಈ ಹೋರಾಟದ ಮೇಲೆಯೇ ಬರೆದ ಇಟಾಲೊ ಕಾಲ್ವಿನೊ, 1964ರ ಮರುಮುದ್ರಣದ ಮುನ್ನುಡಿಯಲ್ಲಿ ಒಂದು ವಿಚಾರ ಹೇಳುತ್ತಾನೆ. ಯುದ್ಧ ಮುಗಿದಾಗ ಎಲ್ಲರ ಬಾಯಲ್ಲೂ ಕಥೆ ಇತ್ತು, ತನ್ನ ಪುಸ್ತಕವೂ ಆ ಕಾಲದ ಗಾಳಿಯಿಂದ ಅನಾಮಧೇಯವಾಗಿ ಹುಟ್ಟಿದಂತೆ ಈಗ ಕಾಣುತ್ತದೆ ಎಂದು. ‘ಸಿಕ್’ ತಂಡ ಮಾಡಿದ್ದು ಈ ಮಾತನ್ನು ಕೆಲಸವಾಗಿ ಬದಲಾಯಿಸಿದ್ದು. ಕಾದಂಬರಿಯ ಮೊದಲ ಹಂತದಲ್ಲಿ ಯಾರೂ ಕಲ್ಪನೆಯ ಗೋಜಿಗೆ ಹೋಗಲಿಲ್ಲ. ಆ ಕಾಲ ಕಂಡ ಅಜ್ಜ, ಅಜ್ಜಿ, ನೆಂಟರು, ಊರ ಹಿರಿಯರ ಬಾಯಿಂದ ನಡೆದ ಸಂಗತಿಗಳನ್ನು ಕೇಳಿ ತಂದರು. 1943ರಲ್ಲಿ ಇಪ್ಪತ್ತು ವರ್ಷದವರಿಗೆ 2009ರಲ್ಲಿ ಎಂಬತ್ತಾರು. ಇನ್ನು ಹತ್ತು ವರ್ಷ ತಡವಾಗಿದ್ದರೆ ಕೇಳಲು ಎಷ್ಟು ಜನ ಸಿಗುತ್ತಿದ್ದರು? ಒಬ್ಬ ಕಾದಂಬರಿಕಾರ ಎಷ್ಟೇ ಓಡಾಡಿದರೂ ತಲುಪಬಲ್ಲ ಜಗಲಿಗಳು ಕೆಲವೇ. ಬೇರೆಬೇರೆ ಊರುಗಳಿಂದ ಬಂದ ದೊಡ್ಡ ಗುಂಪಿಗೆ ಅವರವರ ಮನೆಯ ಬಾಗಿಲೇ ತೆರೆದಿತ್ತು. ಜನ ಹೆಚ್ಚಿದಷ್ಟೂ ಕೆಲಸ ಕೆಡುತ್ತದೆ ಎಂಬ ಮಾತು ಇಲ್ಲಿ ಸುಳ್ಳಾಯಿತು. ಈ ಕಥೆಗೆ ಜನ ಬೇಕೇ ಬೇಕಿತ್ತು.

ಸಂಗ್ರಹಿಸಿದ ರಾಶಿಯಿಂದ ಮೂರು ಎಳೆ ಎದ್ದವು. ನೌಕಾಪಡೆಯ ಅಧಿಕಾರಿ ಮತ್ತೇಯೊ ಕುರ್ತಿ ಸೆಪ್ಟೆಂಬರ್ 8ರ ನಂತರ ಪಡೆ ತೊರೆದು, ಆಕ್ರಮಿತ ದೇಶವನ್ನು ಉದ್ದಕ್ಕೂ ದಾಟಿ ಮಿಲಾನ್‌ನ ಮನೆ ಸೇರಲು ಹೊರಡುತ್ತಾನೆ. ಅವನ ತಂಗಿ ಆದೇಲೆ ಮಿಲಾನ್‌ನಲ್ಲೇ ಉಳಿದು, ಕಾರ್ಖಾನೆಯ ಕೆಲಸಕ್ಕೆ ಸೇರಿ, ನಿಧಾನವಾಗಿ ನಗರದ ಸಶಸ್ತ್ರ ಹೋರಾಟದೊಳಕ್ಕೆ ಕಾಲಿಡುತ್ತಾಳೆ. ಅವಳ ಗಂಡ ಆಲ್ದೊ ಎಂಜಿನಿಯರ್. ಹಳ್ಳಿಯಲ್ಲಿ ಅಡಗಿ ಕೂತ ಅವನನ್ನು ಭಯ ಒಳಗಿಂದ ತಿನ್ನುತ್ತ ಹೋಗುತ್ತದೆ, ಬುದ್ಧಿ ಕದಡುತ್ತದೆ. ಮೂವರಲ್ಲಿ ಆಲ್ದೊನ ಎಳೆಯೇ ಹೆಚ್ಚು ಧೈರ್ಯದ್ದು. ವಿಜಯದ ಹೊತ್ತಿನಲ್ಲಿ ಹೆದರಿ ಕೂತವನ ನೆನಪನ್ನು ಯಾವ ಸ್ಮಾರಕವೂ ಇಟ್ಟುಕೊಳ್ಳುವುದಿಲ್ಲ. ಅಂಥವನಿಗೆ ಕಾದಂಬರಿಯ ಮೂರನೇ ಒಂದು ಪಾಲು ಕೊಟ್ಟದ್ದು ಗೌರವಿಸಬೇಕಾದ ನಿರ್ಧಾರ.

ಈ ಪದ್ಧತಿಗೆ ಬೆಲೆಯೂ ಇದೆ. ಹಲವರ ವಾಕ್ಯಗಳನ್ನು ಒಂದೇ ಪುಟದಲ್ಲಿ ಕೂರಿಸಬೇಕಾದಾಗ, ಪಕ್ಕದ ವಾಕ್ಯಕ್ಕೆ ಹೊಂದದ ವಿಚಿತ್ರ ಲಯಗಳು, ಒಬ್ಬರಿಗೇ ಸೇರಿದ ಹುಚ್ಚುತನಗಳು ಜಾರಿಹೋಗುತ್ತವೆ. ಇದೇ ಹೋರಾಟದ ಮೇಲೆ ಬೆಪ್ಪೆ ಫೆನೋಲ್ಯೊ ಬರೆದ, ಅವನ ಸಾವಿನ ನಂತರ 1968ರಲ್ಲಿ ಅಚ್ಚಾದ ‘ಇಲ್ ಪಾರ್ತಿಜಾನೊ ಜಾನಿ’ಯಲ್ಲಿ ಇಂಗ್ಲಿಷನ್ನೂ ಇಟಾಲಿಯನ್ನನ್ನೂ ಬೆರೆಸಿ ಕಾಸಿದ ಒಂದು ಭಾಷೆ ಇದೆ. ಅದು ಒಬ್ಬನೇ ಮನುಷ್ಯನ ತಲೆಯಿಂದ ಮಾತ್ರ ಬರಬಲ್ಲದ್ದು, ಯಾವ ಸಂಯೋಜಕನೂ ಕಾರ್ಡುಗಳಿಂದ ಆರಿಸಿ ಕಟ್ಟಲಾರ. 115 ಜನರ ಕಾದಂಬರಿಗೆ ದಕ್ಕಿರುವುದು ಬೇರೆ ಗುಣ: ಓಟ, ವಿವರಗಳ ದಟ್ಟಣೆ, ಬೇರೆಬೇರೆ ಸೀಮೆಗಳ ಬದುಕು.

ಕಾದಂಬರಿಯ ನಂತರ ಸಂತೋನಿ ಒಂಟಿಯಾಗಿಯೂ ಬರೆಯುತ್ತ ಬಂದ. 2017ರಲ್ಲಿ ಬಂದ ಅವನ ‘ಲಾ ಸ್ತಾಂತ್ಸಾ ಪ್ರೊಫೋಂದಾ’ ಇಟಲಿಯ ಪ್ರತಿಷ್ಠಿತ ಸ್ತ್ರೇಗಾ ಪ್ರಶಸ್ತಿಯ ಸ್ಪರ್ಧೆಗೆ ಆಯ್ಕೆಯಾಯಿತು. ಆ ಪುಸ್ತಕದ ವಸ್ತು, ತಸ್ಕನಿಯ ಸಣ್ಣ ಊರಿನಲ್ಲಿ ವರ್ಷಗಟ್ಟಲೆ ಮೇಜಿನ ಸುತ್ತ ಸೇರುವ ಗೆಳೆಯರ ಗುಂಪು. ಅವರು ಆಡುವ ಆಟದಲ್ಲಿ ಪ್ರತಿಯೊಬ್ಬರೂ ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಕಟ್ಟುತ್ತಾರೆ. ಆಟ ನಡೆಸುವವನು ಒಬ್ಬನಿರುತ್ತಾನೆ, ಅವನಿಗೆ ಮಾತ್ರ ತನ್ನದೆನ್ನುವ ನಾಯಕಪಾತ್ರ ಇರುವುದಿಲ್ಲ.