ಫುಜಿಸಾವಾ ಬಿಂದುವಿನ ಕಥೆ

ಸಿಡ್ನಿಯ ಪಶ್ಚಿಮ ಭಾಗದ ಪೆಂಡಲ್ ಹಿಲ್‌ನ ಕನ್ನಡ ಮನೆಗಳಿಗೆ ಮಕ್ಕಳನ್ನು ಕಾಣಲು ಊರಿನಿಂದ ಬಂದಿಳಿಯುವ ಹಿರಿಯರ ಸಂಭಾಷಣೆ, ಎಲ್ಲಿ ಆರಂಭವಾದರೂ ಮಂಡಿನೋವಿನಲ್ಲಿ ಬಂದು ನಿಲ್ಲುವುದು ವಾಡಿಕೆ. ಒಳಮಗ್ಗುಲು ಸವೆದು ಬಿಲ್ಲಿನಂತೆ ಬಾಗಿದ ಕಾಲನ್ನು ಮೂಳೆ ಕತ್ತರಿಸಿ ನೆಟ್ಟಗೆ ಮಾಡುವರೆಂದು ನಂಬಿದವರು, ಶಸ್ತ್ರಚಿಕಿತ್ಸೆಯಾದ ಮೇಲೆ ಮಂಡಿ ಕೊಂಚ ಒಳಕ್ಕೆ ವಾಲಿದುದನ್ನು ಕಂಡು ವೈದ್ಯರು ಅಳತೆ ತಪ್ಪಿದರೆಂದು ಕಳವಳಗೊಳ್ಳುವುದುಂಟು. ಆ ವಾಲಿಕೆ ಬುದ್ಧಿಪೂರ್ವಕವಾದದ್ದು. ದೇಹದ ಭಾರವನ್ನು ಸವೆದ ಒಳಭಾಗದಿಂದ ಇನ್ನೂ ಗಟ್ಟಿಯಾಗಿರುವ ಹೊರಭಾಗಕ್ಕೆ ಸರಿಸುವ ಉಪಾಯ.

1961ರಲ್ಲಿ ಬ್ರಿಟನ್ನಿನ ಜಾಕ್ಸನ್ ಮತ್ತು ವಾ ಈ ಚಿಕಿತ್ಸೆಯ ಕುರಿತು ಬರೆದರು. 1965ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಮಾರ್ಕ್ ಕವೆಂಟ್ರಿ, ಜಂಘಾಸ್ಥಿಯ ಮೇಲ್ಭಾಗದಿಂದ ಬೆಣೆಯಾಕಾರದ ತುಂಡನ್ನು ತೆಗೆಯುವ ತಮ್ಮ ಕ್ರಮವನ್ನು ವಿವರಿಸಿದರು. ಆದರೆ ಎಷ್ಟು ವಾಲಿಸಬೇಕು?

1979ರಲ್ಲಿ ಜಪಾನಿನ ಫುಜಿಸಾವಾ ಮತ್ತು ಸಂಗಡಿಗರು, ಚಿಕಿತ್ಸೆಯಾದ 54 ಮಂಡಿಗಳೊಳಗೆ ದರ್ಶಕನಳಿಗೆಯನ್ನು ಇಳಿಸಿ ಮೃದ್ವಸ್ಥಿಯನ್ನೇ ಕಣ್ಣಾರೆ ಪರೀಕ್ಷಿಸಿದರು. ತೊಡೆಮೂಳೆಯ ಗುಂಡಿನ ಕೇಂದ್ರದಿಂದ ಹರಡಿನ ಕೇಂದ್ರಕ್ಕೆ ಎಳೆದ ರೇಖೆಯು ಮಂಡಿಯ ನಡುವಿನಿಂದ ಹೊರ ಅಂಚಿನತ್ತ ಶೇ. 30ರಿಂದ 40ರಷ್ಟು ದೂರದಲ್ಲಿ ಹಾದುಹೋದಲ್ಲಿ ಮೃದ್ವಸ್ಥಿ ಚೆನ್ನಾಗಿ ಚೇತರಿಸಿಕೊಂಡಿತ್ತು. ಒಳ ಅಂಚಿನಿಂದ ಇಡೀ ಅಗಲಕ್ಕೆ ಲೆಕ್ಕ ಹಾಕಿದರೆ ಅದು ಶೇ. 65ರಿಂದ 70 ಆಗುತ್ತದೆ. ಹೀಗಿದ್ದೂ ಜಗತ್ತಿನಾದ್ಯಂತ 'ಫುಜಿಸಾವಾ ಬಿಂದು' ಎಂದು ಮಾನ್ಯವಾಗಿರುವುದು ಶೇ. 62 ಅಥವಾ 62.5! ಅದಕ್ಕೆ ಹೆಚ್ಚು ಹತ್ತಿರದ್ದು, 1992ರಲ್ಲಿ ಡಗ್ಡೇಲ್, ನೋಯ್ಸ್ ಮತ್ತು ಸ್ಟೈಯರ್ ಸೂಚಿಸಿದ ಶೇ. 62ರಿಂದ 66ರ ವ್ಯಾಪ್ತಿ. ಒಬ್ಬರ ಹೆಸರು, ಇನ್ನೊಬ್ಬರ ಸಂಖ್ಯೆ. ಮೂಲವನ್ನು ತೆರೆದು ನೋಡುವ ಶ್ರಮವನ್ನು ವಿದ್ವಾಂಸರೂ ತಪ್ಪಿಸಿಕೊಳ್ಳಬಲ್ಲರೆಂಬುದು ನನಗೆ ಅಸಹನೆಯನ್ನೇ ತರುತ್ತದೆ.

ಕವೆಂಟ್ರಿಯವರು 1993ರಲ್ಲಿ 87 ಮಂಡಿಗಳ ದೀರ್ಘಕಾಲದ ಫಲವನ್ನು ಪರಿಶೀಲಿಸಿ, ಸಾಕಷ್ಟು ವಾಲಿಸದೆ ಬಿಟ್ಟ ಕಾಲುಗಳೂ ಸ್ಥೂಲಕಾಯರ ಕಾಲುಗಳೂ ಬೇಗ ಸೋತುದನ್ನು ತೋರಿಸಿದರು. ಅಷ್ಟರಲ್ಲಿ ಕೃತಕ ಮಂಡಿ ಜನಪ್ರಿಯವಾಗಿ ಈ ಕೌಶಲ ಹಿಂದೆ ಸರಿದಿತ್ತು. ಚಕ್ಕಳಮಕ್ಕಳ ಹಾಕಿ ಕುಳಿತೇ ಊಟಮಾಡುವ ನಮ್ಮವರಿಗೆ ಸ್ವಂತ ಮಂಡಿಯನ್ನು ಉಳಿಸುವ ವಿದ್ಯೆಯ ಮೇಲೆ ಇನ್ನಷ್ಟು ಒಲವಿರಬೇಕಿತ್ತೆಂದು ನನ್ನ ಹಂಬಲ.

ಇತ್ತೀಚೆಗೆ ಸವೆತದ ಪ್ರಮಾಣವನ್ನನುಸರಿಸಿ ಕಡಿಮೆ ವಾಲಿಸುವವರೂ ಉಂಟು. ಏನೇ ಗುರಿಯಿರಲಿ, ನಿಂತಾಗ ತೆಗೆದ ಪೂರ್ಣಕಾಲಿನ ಎಕ್ಸ್‌ರೇಯಲ್ಲಿ ಮಂಡಿಯ ಹೊರಬದಿಯ ಸಂದು ಬಿರಿದುಕೊಂಡು ಕಾಣುವ ಬಾಗನ್ನು ಮೂಳೆಯ ಬಾಗೆಂದೇ ಎಣಿಸಿ ಕತ್ತರಿಸಿದರೆ ವಾಲಿಕೆ ಮಿತಿಮೀರುವುದು; 1992ರ ಆ ಲೇಖನದ ಮುಖ್ಯ ಕಾಳಜಿಯೇ ಇದಾಗಿತ್ತು, ಎಲ್ಲರೂ ಎತ್ತಿಕೊಂಡದ್ದು ಮಾತ್ರ ಅದರ ಅಂಕಿಯನ್ನು.