ನಿಮಗಿದು ಗೊತ್ತೆ? ಬೇಟ್‌ಮನ್ ಮನೆಯ ಬೆಳ್ಳಿ

ಲಂಡನ್ನಿನ ಬನ್‌ಹಿಲ್ ರೋನಲ್ಲಿ ಸರಪಳಿ ಮಾಡಿಕೊಂಡಿದ್ದ ಜಾನ್ ಬೇಟ್‌ಮನ್ 1760ರಲ್ಲಿ ಕ್ಷಯದಿಂದ ತೀರಿಕೊಂಡಾಗ ಕಸುಬಿನ ಸಲಕರಣೆಗಳನ್ನು ಹೆಂಡತಿ ಹೆಸ್ಟರ್‌ಗೆ ಬಿಟ್ಟುಹೋದ. ಆಕೆಗೆ ಆಗಲೇ ಐವತ್ತು ದಾಟಿತ್ತು, ಓದು ಬರಹ ಬರುತ್ತಿರಲಿಲ್ಲ. ಆದರೂ ಮರುವರ್ಷವೇ ಅಕ್ಕಸಾಲಿಗರ ಸಂಘದ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ, ಮಾಡಿದ ವಸ್ತುಗಳ ಮೇಲೆ ಒತ್ತಲು ‘ಎಚ್‌ಬಿ’ ಎಂಬ ತಮ್ಮದೇ ಮುದ್ರೆ ನೋಂದಾಯಿಸಿದರು!

ಮೊದಮೊದಲು ಬೇರೆ ಅಂಗಡಿಗಳಿಗೆ ಮಾಡಿಕೊಟ್ಟದ್ದೇ ಹೆಚ್ಚು. ಆಗ ತಾಮ್ರಕ್ಕೆ ಬೆಳ್ಳಿಯ ಹೊದಿಕೆ ಹಾಕಿದ ಅಗ್ಗದ ಶೆಫೀಲ್ಡ್ ಪ್ಲೇಟ್ ಮಾರುಕಟ್ಟೆಯಲ್ಲಿತ್ತು. ಅದಕ್ಕೆ ಎದುರಾಗಿ ಹೆಸ್ಟರ್ ಯಂತ್ರದಲ್ಲಿ ತೆಳುವಾಗಿ ಒತ್ತಿದ ಬೆಳ್ಳಿ ತಗಡು ಬಳಸಿದರು. ಲೋಹ ಕಡಿಮೆ, ಬೆಲೆಯೂ ಕಡಿಮೆ, ಆದರೆ ಪೂರಾ ಬೆಳ್ಳಿ. ಚಮಚ, ಸಕ್ಕರೆ ಇಕ್ಕಳ, ಟೀಪಾಟು ಮಧ್ಯಮವರ್ಗದ ಮನೆಗಳಿಗೂ ಹೋದವು. ಟೀಪಾಟಿನ ಅಂಚಿಗೆ ಸಾಲು ಮಣಿ, ಮೈಮೇಲೆ ಬೆಳಕಿಗೆ ಹೊಳೆಯುವಂತೆ ಓರೆಯಾಗಿ ಕೊರೆದ ಸಣ್ಣ ಗೀರುಗಳು: ಇಷ್ಟೇ ಅಲಂಕಾರ. ಅತಿ ಮಾಡದಿರುವುದೇ ಈ ಕೆಲಸದ ಸೊಗಸು.

1790ರಲ್ಲಿ ಎಂಬತ್ತು ದಾಟಿದ ಹೆಸ್ಟರ್ ನಿವೃತ್ತರಾದರು, 1794ರಲ್ಲಿ ನಿಧನರಾದರು. ಆಕೆ ನಿವೃತ್ತರಾದಾಗ ಮಕ್ಕಳಾದ ಪೀಟರ್ ಮತ್ತು ಜೊನಾಥನ್ ಜಂಟಿ ಮುದ್ರೆ ಹಾಕಿಸಿದ ಕೆಲವೇ ತಿಂಗಳಲ್ಲಿ ಜೊನಾಥನ್ ತೀರಿಕೊಂಡ. ಅತ್ತೆಯಂತೆಯೇ ಸೊಸೆ ಆ್ಯನ್ ಕೂಡ ಗಂಡನ ಜಾಗಕ್ಕೆ ಬಂದು, ಭಾವ ಪೀಟರ್‌ನೊಂದಿಗೆ 1791ರಲ್ಲಿ ಹೊಸ ಮುದ್ರೆ ಪಡೆದರು. 1800ರಲ್ಲಿ ಆಕೆಯ ಮಗ ವಿಲಿಯಂ ಸೇರಿಕೊಂಡ. 1815ರಿಂದ ಅವನೊಬ್ಬನದೇ ಮುದ್ರೆ.

ಸಂಗ್ರಾಹಕರು ಇಂದಿಗೂ ಹುಡುಕುವುದು ಅಣ್ಣತಮ್ಮಂದಿರ ಆ ಅಲ್ಪಾಯುಷಿ ಮುದ್ರೆಯನ್ನು. ಅದರಲ್ಲಿರುವುದು ‘ಪಿಬಿ ಐಬಿ’. ಜೊನಾಥನ್‌ಗೆ ‘ಐ’ ಏಕೆ ಎನ್ನಬೇಡಿ, ಆ ಕಾಲದ ಮುದ್ರೆಗಳಲ್ಲಿ ‘ಜೆ’ ಬದಲು ‘ಐ’ ಹಾಕುವುದೇ ರೂಢಿ.